ದುಮಗೇಟೆ ಮಾರ್ಕೆಟ್ ತಿಂಡಿಗೆ ಅತ್ತೆ ಮಾವನನ್ನು ಕರೆದುಕೊಂಡು ಹೋಗಲಾ, ಬೇಡವಾ?

ಸೆಬು ಸೀನ:
ಎಲ್ಲರಿಗೂ ನಮಸ್ಕಾರ. ಫಿಲಿಪೀನ್ಸ್‌ನ ಸೆಬುವಿಗೆ ಕೆಲಸದ ಮೇಲೆ ಬಂದು ಒಂದೂವರೆ ವರ್ಷ ಆಯಿತು. ಮುಂದಿನ ತಿಂಗಳು ಅತ್ತೆ ಮಾವ ಸಾಗರದಿಂದ ಬರುತ್ತಿದ್ದಾರೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟುವವರಲ್ಲ. ಹತ್ತು ದಿನಕ್ಕೆ ಏನೇನು ಅಡುಗೆ ಅಂತ ಹೆಂಡತಿ ಈಗಲೇ ಪಟ್ಟಿ ಹಾಕಿದ್ದಾಳೆ. ಹೊರಗೆ ಹೋದರೆ ಇಂಡಿಯನ್ ಹೋಟೆಲ್ ಮಾತ್ರ ಅಂತ ಕಾನೂನು ಬೇರೆ.

ನನ್ನ ತಲೆಯಲ್ಲಿ ಇನ್ನೊಂದು ಯೋಚನೆ ಇದೆ. ಹೋದ ವಾರ ಒಬ್ಬನೇ ದುಮಗೇಟೆಗೆ ಹೋಗಿದ್ದೆ. ಸೆಬು ದ್ವೀಪದ ದಕ್ಷಿಣದ ತುದಿ ಲಿಲೋಆನ್‌ವರೆಗೆ ಬಸ್ಸು, ಅಲ್ಲಿಂದ ನೆಗ್ರೋಸ್ ದ್ವೀಪದ ಸಿಬುಲಾನ್‌ಗೆ ಅರ್ಧ ಗಂಟೆ ಲಾಂಚು, ಅದರ ಪಕ್ಕದ ಊರೇ ದುಮಗೇಟೆ. ಬೆಳಗಿನ ಜಾವ ಎಚ್ಚರ ಆಯಿತು. ಸುಮ್ನೆ ಪಬ್ಲಿಕ್ ಮಾರ್ಕೆಟ್ ಕಡೆ ನಡೆದೆ. ಅಲ್ಲಿ ಪೈನಿಟಾನ್ ಅಂತ ಒಂದು ಸಾಲು ಇದೆ. ಇನಿತ್ ಅಂದರೆ ಬಿಸಿ. ಬಿಸಿ ಕುಡಿಯುವ ಜಾಗ ಅಂತ ಇಟ್ಟುಕೊಳ್ಳಿ. ಉದ್ದ ಕಟ್ಟೆ, ಅದಕ್ಕೆ ಅಂಟಿದ ಬೆಂಚು, ಕಟ್ಟೆಯ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಕಡುಬುಗಳ ರಾಶಿ. ಮೀನು ಇಳಿಸಿ ಬಂದವರು, ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು, ಟ್ರೈಸಿಕಲ್ ಓಡಿಸುವವರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು.

ನಾನು ತಿಂದದ್ದು ಬುದ್‌ಬುದ್ ಕಬೋಗ್. ಅಕ್ಕಿಯಲ್ಲ, ಸಿರಿಧಾನ್ಯ! ತೆಂಗಿನ ಹಾಲಿನಲ್ಲಿ ಬೇಯಿಸಿ, ಎಲೆಯಲ್ಲಿ ಸುರುಳಿ ಸುತ್ತಿ, ಹಬೆಯಲ್ಲಿ ಇಟ್ಟದ್ದು. ಜೊತೆಗೆ ಸಿಕ್ವಾಟೆ. ಕೋಕೋ ಬೀಜ ಹುರಿದು ಅರೆದು ಬಿಲ್ಲೆ ಮಾಡಿರುತ್ತಾರೆ, ಅದನ್ನು ನೀರಿನಲ್ಲಿ ಕುದಿಸಿ ಮರದ ಕಡಗೋಲಿನಂಥದ್ದರಲ್ಲಿ ಕಡೆದು ಕೊಡುತ್ತಾರೆ. ಕಹಿ, ದಪ್ಪ, ತಳದಲ್ಲಿ ಸ್ವಲ್ಪ ಚರಟ. ಬುದ್‌ಬುದ್ ಅದರಲ್ಲಿ ಅದ್ದಿ ತಿಂದೆ. ಎರಡು ಬುದ್‌ಬುದ್, ಒಂದು ಕಪ್ಪು, ಎಲ್ಲಾ ಸೇರಿ ನೂರು ಪೆಸೊ ಒಳಗೆ.

ಇದನ್ನು ಅತ್ತೆಗೆ ತಿನ್ನಿಸದೆ ಕಳಿಸುವುದು ಹೇಗೆ? ಆದರೆ ಅದೇ ಮಾರ್ಕೆಟ್‌ನಲ್ಲಿ ಹತ್ತು ಹೆಜ್ಜೆ ಆಚೆ ಹಂದಿ ಮಾಂಸ ನೇತು ಹಾಕಿರುತ್ತಾರೆ. ಕರೆದುಕೊಂಡು ಹೋಗಲಾ? ನಿಜವಾಗಿ ಅಲ್ಲಿ ಯಾವುದನ್ನು ತಿನ್ನಬಹುದು, ಯಾವುದನ್ನು ಬಿಡಬೇಕು? ಅನುಭವ ಇದ್ದವರು ಹೇಳಿ.

ತಿಂಡಿಪೋತ:
ಹೋಗಿ ಮಾರಾಯ್ರೆ. ಇದನ್ನೂ ಕೇಳಬೇಕಾ?

ಶಾಮಣ್ಣ ಬಸವನಗುಡಿ:
ಬೇಡ. ವಯಸ್ಸಾದವರಿಗೆ ವಾಸನೆ ಮೊದಲು ಹೊಡೆಯುತ್ತೆ, ರುಚಿ ಆಮೇಲೆ. ನನ್ನ ತಾಯಿಯನ್ನು ಒಮ್ಮೆ ಬ್ಯಾಂಕಾಕ್‌ನ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ ಎರಡು ದಿನ ಬರೀ ಬಾಳೆಹಣ್ಣು ತಿನ್ನಿಸಿದ್ದೇನೆ. ಮನೆಗೆ ಪಾರ್ಸೆಲ್ ತಂದುಬಿಡಿ, ಮುಗೀತು.

ಸೆಬು ಸೀನ:
@ಶಾಮಣ್ಣ, ಪಾರ್ಸೆಲ್ ತಂದರೆ ಬಸ್ಸು, ಲಾಂಚು ದಾಟಿ ಬರುವಷ್ಟರಲ್ಲಿ ಅದು ಮಧ್ಯಾಹ್ನದ ಕಡುಬು. ಬಿಸಿ ಇರುವಾಗ ಎಲೆ ಬಿಡಿಸುವುದೇ ಮಜಾ.

ಕುಡ್ಲದ ಪೊಣ್ಣು:
ಮನಿಲಾದಲ್ಲಿ ನಾಲ್ಕು ವರ್ಷ ಇದ್ದೆ. ನಾವು ಮಂಗಳೂರು ಕ್ಯಾಥೊಲಿಕರು, ಹಾಗಾಗಿ ನನಗೆ ಸಸ್ಯಾಹಾರದ ತಲೆನೋವು ಇರಲಿಲ್ಲ. ನನ್ನ ಕಥೆ ಬೇರೆ. ಮೊದಲ ವಾರ ಆಫೀಸಿನ ಹುಡುಗಿ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ ಪುತೋ ಮತ್ತು ದಿನುಗುಆನ್ ಕೊಡಿಸಿದಳು. ಪುತೋ ಅಂದರೆ ಬೆಳ್ಳಗೆ ಉಬ್ಬಿದ, ಹಬೆಯಲ್ಲಿ ಬೆಂದ ಅಕ್ಕಿ ತಿಂಡಿ. ದಿನುಗುಆನ್ ಅಂದರೆ ಹಂದಿಯ ರಕ್ತ, ವಿನೆಗರ್ ಹಾಕಿ ಮಾಡಿದ ಕಪ್ಪು ಸಾರು. ಬಾಯಿಗೆ ಇಟ್ಟ ಕೂಡಲೇ ನನಗೆ ಕ್ರಿಸ್‌ಮಸ್ ನೆನಪಾಯಿತು. ನಮ್ಮ ಮನೆಯ ಸಾನ್ನಾ ಮತ್ತು ಸೋರ್ಪೊತೆಲ್! ಅಲ್ಲೂ ಹುಳಿ, ಅಲ್ಲೂ ರಕ್ತ, ಪಕ್ಕದಲ್ಲಿ ಬೆಳ್ಳಗಿನ ಮೆತ್ತನೆಯ ತಿಂಡಿ. ನಮ್ಮಜ್ಜಿ ಸಾನ್ನಾಗೆ ಕಳ್ಳು ಹಾಕಿ ಉಬ್ಬಿಸುತ್ತಿದ್ದರು. ಆಫೀಸಿನ ಆ ಹುಡುಗಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. ಮಂಗಳೂರಿನಿಂದ ಫೋಟೋ ತರಿಸಿ ತೋರಿಸಿದೆ.

ಸೀನ ಅವರೇ, ಒಂದು ಎಚ್ಚರಿಕೆ. ದಿನುಗುಆನ್‌ಗೆ ವಿದೇಶಿಯರ ಹತ್ತಿರ ತಮಾಷೆಗೆ "ಚಾಕೊಲೇಟ್ ಮೀಟ್" ಅನ್ನುತ್ತಾರೆ. ನೋಡಲು ಕೂಡ ಹಾಗೇ ಇರುತ್ತೆ. ಸಿಕ್ವಾಟೆ ಕುಡಿದ ಖುಷಿಯಲ್ಲಿ ಮಾವ ಇನ್ನೊಂದು ಚಾಕೊಲೇಟ್ ಬಟ್ಟಲು ಕಡೆ ಕೈ ತೋರಿಸಿದರೆ ನೀವು ಮುಗಿದಿರಿ.

ತಿಂಡಿಪೋತ:
ಪುತೋ ಅಂದರೆ ಇಡ್ಲಿ ತಾನೇ? ನಮ್ಮಲ್ಲಿಂದಲೇ ಹೋಗಿರಬೇಕು.

ಕುಡ್ಲದ ಪೊಣ್ಣು:
@ತಿಂಡಿಪೋತ, ಉದ್ದು ಇಲ್ಲದ್ದನ್ನು ಇಡ್ಲಿ ಅಂದರೆ ನಿಮ್ಮ ಮನೆಯವರು ಬಿಡುತ್ತಾರಾ? ಇದು ಬರೀ ಅಕ್ಕಿ. ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟಿಗೆ ಅಲ್ಲಿ ಗಲಪೋಂಗ್ ಅನ್ನುತ್ತಾರೆ. ಸಿಹಿ ಇರುತ್ತೆ. ಮೇಲೆ ಚೀಸ್ ಇಲ್ಲವೇ ಉಪ್ಪು ಮೊಟ್ಟೆಯ ಹೋಳು ಇಡುತ್ತಾರೆ. ಪಂಗಾಸಿನಾನ್‌ನ ಕಲಾಸಿಯಾವೋ ಪುತೋ ಚಿಕ್ಕದು, ಬಾಯಿಗೆ ಒಂದು. ಹಿಟ್ಟು ಹುಳಿ ಬರಿಸಿಯೇ ಮಾಡುವುದರಿಂದ ಅದೊಂದು ಸ್ವಲ್ಪ ನಮ್ಮ ಕಡೆಗೆ ವಾಲುತ್ತೆ. ಅಷ್ಟಕ್ಕೇ ಇಡ್ಲಿ ಅನ್ನಬೇಡಿ.

ಮೈಸೂರು ಮೇಷ್ಟ್ರು:
ಪುಟ್ಟು, ಪುತೋ. ಹೆಸರು ನೋಡಿ ಸ್ವಾಮಿ. ಸುಮ್ಮನೆ ಬರುತ್ತಾ ಇದೆಲ್ಲಾ?

ಕುಡ್ಲದ ಪೊಣ್ಣು:
ಹೆಸರು ಒಂದೇ ಥರ ಕೇಳಿಸಿತು ಅಂತ ನೆಂಟಸ್ತನ ಕಟ್ಟಬೇಡಿ ಮೇಷ್ಟ್ರೇ. ಸ್ಪ್ಯಾನಿಷ್‌ನಲ್ಲಿ ಅದೇ ಪದ ಕೆಟ್ಟ ಬೈಗುಳ. ಹಾಗಂತ ತಿಂಡಿಗೂ ಅದಕ್ಕೂ ಸಂಬಂಧ ಇದೆಯಾ?

ದಾವೋ ಡಾಕ್ಟರ್:
ನಾನು ಕಲಬುರಗಿಯವನು, ಫಿಲಿಪೀನ್ಸ್‌ನದ್ದೇ ದಾವೋ ಊರಿನಲ್ಲಿ ಮೆಡಿಕಲ್ ಓದುತ್ತಿದ್ದೇನೆ. ನಮ್ಮ ಬ್ಯಾಚ್‌ನಲ್ಲಿ ಸಸ್ಯಾಹಾರಿಗಳು ಸಾಕಷ್ಟು ಜನ ಇದ್ದೇವೆ ರೀ, ಎಲ್ಲರೂ ಬಂಕೆರೋಹಾನ್ ಮಾರ್ಕೆಟ್‌ನ ಪುಣ್ಯದಿಂದ ಬದುಕಿದ್ದೇವೆ. ಗೊತ್ತಿದ್ದದ್ದು ಹೇಳುತ್ತೇನೆ.

ಮೊದಲು ಒಂದು ವಿಷಯ. "ವೆಜಿಟೇರಿಯನ್" ಅಂದರೆ ಇಲ್ಲಿ ಅರ್ಥ ಆಗೋದು "ತರಕಾರಿ ಇಷ್ಟಪಡುವವನು" ಅಂತ. ತರಕಾರಿ ಕೊಡುತ್ತಾರೆ, ಅದರ ಮೇಲೆ ರುಚಿಗೆ ಅಂತ ನಾಲ್ಕು ಚೂರು ಹಂದಿ ಹಾಕುತ್ತಾರೆ. ಇದರಲ್ಲಿ ಮೋಸ ಏನಿಲ್ಲ, ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದ ಹಾಗೆ. ನಾನು ಮೊದಲ ತಿಂಗಳು ಒಂದು ಅಂಗಡಿಯಲ್ಲಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ಪನ್ಸಿತ್ ಅನ್ನುವ ನೂಡಲ್ಸ್ ತಿಂದೆ. ಅರ್ಧ ಪ್ಲೇಟ್ ಮುಗಿದ ಮೇಲೆ ಸಿಗಡಿಯ ಮೀಸೆ ಸಿಕ್ಕಿತು. ಆವತ್ತಿನಿಂದ "ವೆಜ್" ಅನ್ನುವ ಪದ ಬಿಟ್ಟೆ. ಇಲ್ಲಿಯ ಭಾಷೆ ಸೆಬುವಾನೋದಲ್ಲಿ ನೇರವಾಗಿ ಕೇಳಬೇಕು: ವಲಾಯ್ ಕಾರ್ನೆ, ವಲಾಯ್ ಇಸ್ದಾ, ವಲಾಯ್ ಬಾಬೋಯ್. ಮಾಂಸ ಬೇಡ, ಮೀನು ಬೇಡ, ಹಂದಿ ಬೇಡ. ಕೊನೆಗೆ ಪಲಿಹೋಗ್, ಅಂದರೆ ದಯವಿಟ್ಟು. ಸಿಗಡಿ, ಮೊಟ್ಟೆ ಬೇರೆ ಕೇಳಲೇಬೇಕು, ಅವು ಅವರಿಗೆ ಮಾಂಸವೇ ಅಲ್ಲ.

ನಿಶ್ಚಿಂತೆಯಾಗಿ ತಿನ್ನಬಹುದಾದ್ದು ಅಂದರೆ ಅಂಟಕ್ಕಿ, ತೆಂಗಿನಕಾಯಿ, ಸಕ್ಕರೆ ಈ ಮೂರರ ಸಂಸಾರ. ಅದಕ್ಕೆಲ್ಲ ಒಟ್ಟಾಗಿ ಕಕಾನಿನ್ ಅನ್ನುತ್ತಾರೆ, ಕಾನಿನ್ ಅಂದರೆ ಅನ್ನ. ಪುತೋ ಮಾಯಾ ಅಂತ ಇದೆ, ಅಂಟಕ್ಕಿಯನ್ನು ಶುಂಠಿ, ತೆಂಗಿನ ಹಾಲು ಹಾಕಿ ಹಬೆಯಲ್ಲಿ ಬೇಯಿಸಿದ್ದು. ಮಾವಿನ ಕಾಲದಲ್ಲಿ ಪಕ್ಕದಲ್ಲಿ ಹಣ್ಣಿನ ಹೋಳು. ಬಿಕೋ ಅಂದರೆ ಹೆಚ್ಚು ಕಡಿಮೆ ನಮ್ಮ ಬೆಲ್ಲದನ್ನ, ತುಪ್ಪ ಒಂದಿಲ್ಲ. ಪಲಿತಾವ್ ನೀರಿನಲ್ಲಿ ಬೇಯಿಸಿದ ಅಂಟಕ್ಕಿ ಹಿಟ್ಟಿನ ಬಿಲ್ಲೆ, ಮೇಲೆ ಕಾಯಿತುರಿ, ಎಳ್ಳು, ಸಕ್ಕರೆ. ಗಿನತಾಆಂಗ್ ಮುಂಗ್ಗೋ ತಿಂದರೆ ನಿಮ್ಮತ್ತೆ "ಇದು ಹೆಸರುಬೇಳೆ ಪಾಯಸ ಅಲ್ವೇನೋ" ಅನ್ನುತ್ತಾರೆ. ಹುರಿದ ಹೆಸರುಕಾಳು, ಅಂಟಕ್ಕಿ, ಕಾಯಿಹಾಲು.

ಸಂಜೆ ಆದರೆ ಬನಾನಾ ಕ್ಯೂ. ಸಬಾ ಅಂತ ದಪ್ಪ ಬಾಳೆಹಣ್ಣನ್ನು ಕಂದು ಸಕ್ಕರೆ ಜೊತೆ ಎಣ್ಣೆಯಲ್ಲಿ ಕರಿದು ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ತುರೋನ್ ಅದಕ್ಕಿಂತ ಮೇಲು. ಬಾಳೆಹಣ್ಣು, ಒಂದು ಎಳೆ ಹಲಸಿನ ತೊಳೆ, ತೆಳುವಾದ ಹಾಳೆಯಲ್ಲಿ ಸುತ್ತಿ ಕರಿದದ್ದು. ಎಣ್ಣೆ ಮಾತ್ರ ಕೇಳಿ. ಅದೇ ಬಾಣಲೆಯಲ್ಲಿ ಫಿಶ್ ಬಾಲ್ ಕರಿಯುತ್ತಿದ್ದರೆ ದೂರ ಸರಿಯಿರಿ.

ರಾಯರ ಮನೆ ಹುಡುಗ:
ಬಾಲುತ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 😀

ದಾವೋ ಡಾಕ್ಟರ್:
@ರಾಯರ ಮನೆ ಹುಡುಗ, ಪ್ರತಿ ಚರ್ಚೆಯಲ್ಲೂ ಒಬ್ಬರು ಇದನ್ನು ಎತ್ತಲೇಬೇಕು ಅಂತ ನಿಯಮ ಇದೆಯಾ? ಎರಡು ವಾರ ಕಳೆದ ಬಾತುಕೋಳಿ ಮೊಟ್ಟೆ, ಒಳಗೆ ಮರಿ ರೂಪುಗೊಂಡಿರುತ್ತೆ, ಬೇಯಿಸಿ ಉಪ್ಪು ಹಾಕಿ ತಿನ್ನುತ್ತಾರೆ. ಅಷ್ಟೇ. ಇಲ್ಲಿಯ ನನ್ನ ಗೆಳೆಯರಲ್ಲೇ ಅರ್ಧ ಜನ ಮುಟ್ಟಲ್ಲ.

ರಾಯರ ಮನೆ ಹುಡುಗ:
ಸರಿ ಸರಿ. ಮತ್ತೆ ಆ ಅಡಿಡಾಸ್?

ಕುಡ್ಲದ ಪೊಣ್ಣು:
ಕೋಳಿ ಕಾಲು. ಮೂರು ಬೆರಳು, ಮೂರು ಪಟ್ಟಿ. ಹೆಪ್ಪುಗಟ್ಟಿದ ರಕ್ತದ ಚೌಕ ತುಂಡಿಗೆ ಬೀಟಾಮ್ಯಾಕ್ಸ್ ಅನ್ನುತ್ತಾರೆ, ಹಳೇ ವಿಡಿಯೋ ಕ್ಯಾಸೆಟ್ ಥರ ಕಾಣುತ್ತೆ ಅಂತ. ಹೆಸರು ಇಡುವುದರಲ್ಲಿ ಆ ಜನರನ್ನು ಮೀರಿಸುವವರಿಲ್ಲ.

ಶಾಮಣ್ಣ ಬಸವನಗುಡಿ:
ನೋಡಿ, ಇದಕ್ಕೇ ಹೇಳಿದ್ದು ಬೇಡ ಅಂತ.

ಸಿರಿಧಾನ್ಯ ಸಿದ್ದಣ್ಣ:
ನನಗೆ ಬುದ್‌ಬುದ್ ಕಬೋಗ್ ಬಗ್ಗೆ ಮಾತಾಡಬೇಕು. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ನಾವು ಊರೆಲ್ಲಾ ಡಂಗುರ ಸಾರಿದೆವು, ಬಿಸ್ಕತ್ತು ಮಾಡಿದೆವು, ನೂಡಲ್ಸ್ ಮಾಡಿದೆವು. ಅಲ್ಲಿ ಮಾರ್ಕೆಟ್‌ನಲ್ಲಿ ಮೀನು ಹೊರುವವನು ಯಾವ ವರ್ಷಕ್ಕೂ ಕಾಯದೆ ಬೆಳಗಿನ ತಿಂಡಿಗೆ ಅದನ್ನೇ ತಿನ್ನುತ್ತಿದ್ದಾನೆ.

ಕಬೋಗ್ ಅಂದರೆ ಬಾವಲಿ. ಬಾವಲಿಗಳು ಇದ್ದ ಜಾಗದಲ್ಲಿ ಈ ಕಾಳು ಮೊದಲು ಸಿಕ್ಕಿತು ಅಂತ ಸೆಬುವಿನ ಕತ್ಮೋನ್ ಊರಿನವರು ಕಥೆ ಹೇಳುತ್ತಾರೆ. ಅಲ್ಲಿ ಈ ತಿಂಡಿಯ ಹೆಸರಿನಲ್ಲೇ ಹಬ್ಬ ಮಾಡುತ್ತಾರೆ. ದುಮಗೇಟೆಗೆ ಹತ್ತಿರದ ತಂಜಾಯ್ ಕೂಡ ಬುದ್‌ಬುದ್‌ಗೆ ಹೆಸರುವಾಸಿ.

ಮನೆಯಲ್ಲಿ ನಾನು ನವಣೆಯಲ್ಲೂ ಮಾಡಿದೆ, ಬರಗಿನಲ್ಲೂ ಮಾಡಿದೆ. ನವಣೆ ಉದುರುದುರಾಗಿ ನಿಂತಿತು, ಎಲೆ ಬಿಡಿಸಿದರೆ ಉಪ್ಪಿಟ್ಟು. ಬರಗು ಚೆನ್ನಾಗಿ ಕೂಡಿಕೊಂಡಿತು. ಒಂದು ಲೋಟ ಬರಗು ತೊಳೆದು ಎರಡು ಗಂಟೆ ನೆನೆಸಿ. ಎರಡೂವರೆ ಲೋಟ ಕಾಯಿಹಾಲು, ಅರ್ಧ ಲೋಟ ಸಕ್ಕರೆ, ಚಿಟಿಕೆ ಉಪ್ಪು. ದಪ್ಪ ತಳದ ಪಾತ್ರೆಯಲ್ಲಿ ಕೈ ಬಿಡದೆ ತಿರುಗಿಸಿ. ಹಾಲೆಲ್ಲಾ ಇಂಗಿ ಮುದ್ದೆಯಂತೆ ಪಾತ್ರೆ ಬಿಡುವಾಗ ಇಳಿಸಿ. ಬಾಳೆ ಎಲೆ ಬೆಂಕಿಯ ಮೇಲೆ ಬಾಡಿಸಿಕೊಳ್ಳಿ, ಇಲ್ಲದಿದ್ದರೆ ಸೀಳುತ್ತೆ. ಬೆರಳುದ್ದ ಸುರುಳಿ ಮಾಡಿ, ಎರಡು ಎರಡು ಜೋಡಿಸಿ ಬಾಳೆ ನಾರಿನಲ್ಲಿ ಕಟ್ಟಿ ಮುಕ್ಕಾಲು ಗಂಟೆ ಹಬೆಯಲ್ಲಿ ಇಡಿ. ಇನ್ನೂ ಅಂಟು ಬೇಕಿದ್ದರೆ ಕಾಲು ಭಾಗ ಅಂಟಕ್ಕಿ ಸೇರಿಸಿ. ಬೆಂಗಳೂರಿನಲ್ಲಿ ಈಶಾನ್ಯದವರ ಅಂಗಡಿಗಳಲ್ಲಿ ಅಸ್ಸಾಮಿನ ಬೋರಾ ಅಕ್ಕಿ ಸಿಗುತ್ತೆ, ಅದೇ ಸಾಕು.

ಮಲೆನಾಡ ಅತ್ತಿಗೆ:
@ಸಿದ್ದಣ್ಣ, ಇದನ್ನೇ ಅರಿಶಿನ ಎಲೆಯಲ್ಲಿ ಸುತ್ತಿದರೆ? ಮಳೆಗಾಲದಲ್ಲಿ ನಮ್ಮಲ್ಲಿ ಎಲೆಗೆ ಬರ ಇಲ್ಲ.

ಸಿರಿಧಾನ್ಯ ಸಿದ್ದಣ್ಣ:
ಮಾಡಬಹುದು ಅಕ್ಕಾ, ಆದರೆ ಆಗ ಅದು ಬುದ್‌ಬುದ್ ಅಲ್ಲ, ನಿಮ್ಮ ಕಡುಬೇ. ಅರಿಶಿನ ಎಲೆಯ ಪರಿಮಳ ಬೇರೆ ಏನನ್ನೂ ಮಾತಾಡಲು ಬಿಡಲ್ಲ.

ಕುಡ್ಲದ ಪೊಣ್ಣು:
ಎಲೆ ವಿಷಯಕ್ಕೆ ಬಂದರೆ ನಮ್ಮಲ್ಲಿ ಕೇದಗೆ ಎಲೆಗೆ ಮೂಡೆ, ಹಲಸಿನ ಎಲೆಗೆ ಕೊಟ್ಟೆ. ಸೆಬುವಿನಲ್ಲಿ ತೆಂಗಿನ ಗರಿ ಹೆಣೆದು ಅದರೊಳಗೆ ಅನ್ನವನ್ನೇ ಬೇಯಿಸುತ್ತಾರೆ, ಪುಸೋ ಅಂತ. ಅಂಗಡಿಯ ಮುಂದೆ ಗೊಂಚಲು ಗೊಂಚಲಾಗಿ ನೇತು ಹಾಕಿರುತ್ತಾರೆ. ಸೀನ ಅವರೇ, ನಿಮ್ಮತ್ತೆಗೆ ಅದನ್ನೂ ತೋರಿಸಿ. ಬರೀ ಅನ್ನ, ಭಯ ಇಲ್ಲ.

ಮೈಸೂರು ಮೇಷ್ಟ್ರು:
ಪುಟ್ಟು ಬಿಡಿ, ಇದಕ್ಕೆ ಏನು ಹೇಳುತ್ತೀರಿ? ತಗಾಲೋಗ್ ಭಾಷೆಯಲ್ಲಿ ಮುಖಕ್ಕೆ ಮುಖಾ, ಮೇಷ್ಟ್ರಿಗೆ ಗುರೋ, ದೇವತೆಗೆ ದಿವಾತಾ. ಪಪ್ಪಾಯಿ ಉಪ್ಪಿನಕಾಯಿಗೆ ಅತ್ಚಾರಾ. ಫಿಲಿಪೀನ್ಸ್‌ನ ಲಗೂನಾದಲ್ಲಿ ಸಿಕ್ಕ ತಾಮ್ರಪಟದಲ್ಲಿ ಶಕ ವರ್ಷ 822 ಅಂತ ಬರೆದಿದೆ, ಅಂದರೆ ಕ್ರಿ.ಶ. 900. ಅಲ್ಲಿಯವರೆಗೆ ಶಕ ವರ್ಷದ ಲೆಕ್ಕ ಹೋಗಿತ್ತು ಅಂದರೆ ಹಿಟ್ಟು ರುಬ್ಬುವುದು ಹೋಗಿರಲಿಲ್ಲವಾ?

ದಾವೋ ಡಾಕ್ಟರ್:
ಪದ ಹೋದದ್ದು ನಿಜ, ನಾನೂ ಒಪ್ಪುತ್ತೇನೆ. ಆದರೆ ಅಕ್ಕಿ, ತೆಂಗು, ಬಾಳೆ ಎಲೆ ಮೂರೂ ಅವರ ಹಿತ್ತಲಲ್ಲೇ ಇದ್ದವು ಮೇಷ್ಟ್ರೇ. ಅವನ್ನು ಒಟ್ಟಿಗೆ ಬೇಯಿಸಲು ಯಾರಾದರೂ ಹಡಗು ಹತ್ತಿ ಬಂದು ಹೇಳಿಕೊಡಬೇಕಿತ್ತಾ? ಹಡಗಿನಲ್ಲಿ ಬಂದದ್ದು ಕೋಕೋ. ಅದು ಮೆಕ್ಸಿಕೋದಿಂದ ಬಂತು. 1565ರಿಂದ 1815ರವರೆಗೆ ಮನಿಲಾಕ್ಕೂ ಅಕಪುಲ್ಕೋಗೂ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಹಾಗಾಗಿ ಸೀನ ಅವರ ಬೆಂಚಿನ ಮೇಲೆ ಕಡುಬು ಊರಿನದ್ದು, ಕಪ್ಪಿನಲ್ಲಿ ಇರುವುದು ನೆಂಟರದ್ದು. ಹೊತ್ತಲ್ಲದ ಹೊತ್ತಿನ ತಿಂಡಿಗೆ ಮೆರಿಯೆಂದಾ ಅನ್ನುವುದೂ ಸ್ಪ್ಯಾನಿಷ್ ಪದವೇ.

ಮೈಸೂರು ಮೇಷ್ಟ್ರು:
ಕೋಕೋ ಒಪ್ಪಿದೆ. ಪುಟ್ಟು ಒಪ್ಪಲ್ಲ.

ನಿರ್ವಾಹಕ:
ಇಡ್ಲಿ, ಪುಟ್ಟು, ತಾಮ್ರಪಟದ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಸೀನ ಅವರ ಅತ್ತೆಗೆ ತಿಂಡಿ ಕೊಡಿಸೋಣ.

ಸಿಯಾಟಲ್ ಸುಮಾ:
ಹಬೆ ಏಳುವ ಕಟ್ಟೆ ಅಂದ ಕೂಡಲೇ ನಮ್ಮೂರಿನ ಪೈಕ್ ಪ್ಲೇಸ್ ಮಾರ್ಕೆಟ್ ನೆನಪಾಯಿತು. 1907ರಿಂದ ಇರುವ ಮಾರ್ಕೆಟ್ ಅದು. ಒಳಗೆ ಓರಿಯೆಂಟಲ್ ಮಾರ್ಟ್ ಅಂತ ಒಂದು ಪುಟ್ಟ ಫಿಲಿಪಿನೋ ಅಂಗಡಿ ಇದೆ, 1971ರಿಂದ ಒಂದೇ ಮನೆಯವರು ನಡೆಸುತ್ತಿದ್ದಾರೆ. 2020ರಲ್ಲಿ ಅಡುಗೆ, ಹೋಟೆಲ್‌ಗಳಿಗೆ ಇಲ್ಲಿ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿಯವರು ಅದಕ್ಕೆ ಅಮೆರಿಕಾಸ್ ಕ್ಲಾಸಿಕ್ಸ್ ಗೌರವ ಕೊಟ್ಟರು. ಅವರ ಸಾಲ್ಮನ್ ಸಿನಿಗಾಂಗ್‌ಗೆ ಜನ ಮುಗಿಬೀಳುತ್ತಾರೆ. ಹುಣಸೆಯ ಹುಳಿ ಸಾರು, ಮೀನು ತಿನ್ನುವವರಿಗೆ ಸ್ವರ್ಗ. ನಾನು ಅಲ್ಲಿ ಅನ್ನ ಮಾತ್ರ ತಿನ್ನಬಲ್ಲೆ, ಆದರೂ ಹೋಗುತ್ತೇನೆ. ಕಟ್ಟೆಯ ಆಚೆಯಿಂದ ಗದರಿಸಿ ಬಡಿಸುವವರ ಹತ್ತಿರ ತಿನ್ನುವ ಸುಖವೇ ಬೇರೆ ಅಲ್ವಾ?

ತಿಂಡಿಪೋತ:
ಗದರಿಸಿ ಬಡಿಸುವವರು ಬೇಕಾದರೆ ಬೆಂಗಳೂರಿನ ಯಾವ ದರ್ಶಿನಿಗಾದರೂ ಬನ್ನಿ ಅಕ್ಕಾ, ಅಷ್ಟು ದೂರ ಯಾಕೆ.

ದುಬೈ ದಿನೇಶ:
ನಮ್ಮ ಆಫೀಸಿನಲ್ಲಿ ಫಿಲಿಪಿನೋಗಳು ಜಾಸ್ತಿ. ತಿನ್ನುತ್ತಿರುವಾಗ ನೀವು ಹಾದು ಹೋದರೆ ಸಾಕು, "ಕಾಯಿನ್ ತಾಯೋ" ಅನ್ನುತ್ತಾರೆ, ಬನ್ನಿ ತಿನ್ನೋಣ ಅಂತ. ಮೊದಲ ಸಲ ನಾನು ನಿಜ ಅಂದುಕೊಂಡು ಕುರ್ಚಿ ಎಳೆದು ಕೂತುಬಿಟ್ಟೆ. ಪಾಪ, ಒಂದೇ ಡಬ್ಬಿ ಅನ್ನ ಇತ್ತು. ನಮ್ಮ "ಊಟ ಆಯ್ತಾ" ಥರ ಅದು, ಉತ್ತರ ಸುಮ್ಮನೆ ನಕ್ಕರೆ ಆಯಿತು.

ಸೆಬು ಸೀನ:
@ದಿನೇಶ, ಸೆಬುವಾನೋದಲ್ಲಿ "ಕಾಓನ್ ತಾ". ಪೈನಿಟಾನ್‌ನಲ್ಲಿ ನನ್ನ ಪಕ್ಕದ ಮುದುಕ ಹಾಗೇ ಅಂದ. ಆಮೇಲೆ ತನ್ನ ಎಲೆಯಿಂದ ಅರ್ಧ ಮಾವಿನಹಣ್ಣು ಕೊಟ್ಟೇಬಿಟ್ಟ. ಹಾಗಾಗಿ ಕೆಲವೊಮ್ಮೆ ನಿಜವೂ ಇರುತ್ತೆ!

ಒಂದು ಸಂಶಯ. ಅಷ್ಟು ಜನ ಹಿಂದೆ ನಿಂತಿರುವಾಗ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಬಹುದು? ಮಾವ ಒಂದು ಲೋಟ ಕಾಫಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವವರು.

ದಾವೋ ಡಾಕ್ಟರ್:
ಯಾರೂ ಏಳಿಸಲ್ಲ. ಸ್ವಲ್ಪ ಸರಿಯಿರಿ ಅಂತ ಭುಜ ತಟ್ಟುತ್ತಾರೆ, ಸರಿಯಬೇಕು, ಅಷ್ಟೇ. ಬಡಿಸುವವಳನ್ನು "ಮನಂಗ್" ಅನ್ನಿ, ಅಕ್ಕ ಅಂತ. ಎರಡು ದಿನ ಒಬ್ಬಳ ಹತ್ತಿರವೇ ಹೋದರೆ ಮೂರನೇ ದಿನ ನೀವು ಅವಳ ಸೂಕಿ. ಸೂಕಿ ಅಂದರೆ ನಮ್ಮ ಹಾಲಿನ ವರ್ತನೆ, ಹೂವಿನ ವರ್ತನೆ ಅನ್ನುತ್ತೇವಲ್ಲ, ಅದು. ಎರಡೂ ಕಡೆಗೆ ಅದೇ ಪದ. ನೀವು ಅವಳ ಸೂಕಿ, ಅವಳು ನಿಮ್ಮ ಸೂಕಿ. ಸೂಕಿ ಆದ ಮೇಲೆ ಕೇಳದೆಯೇ ಚೆನ್ನಾಗಿ ಕಟ್ಟಿದ ಬುದ್‌ಬುದ್ ಕೆಳಗಿನಿಂದ ತೆಗೆದು ಕೊಡುತ್ತಾಳೆ.

ಕಾಫಿ ವಿಷಯಕ್ಕೆ ಮಾವನಿಗೆ ಮೊದಲೇ ಹೇಳಿಬಿಡಿ. ಅಲ್ಲಿ ಕಾಫಿ ಅಂದರೆ ಸಾಮಾನ್ಯವಾಗಿ ತ್ರೀ ಇನ್ ಒನ್ ಪೊಟ್ಟಣ ಹರಿದು ಬಿಸಿನೀರು ಹುಯ್ಯುವುದು.

ಶಾಮಣ್ಣ ಬಸವನಗುಡಿ:
ಸಾಗರದವರಿಗೆ ಪೊಟ್ಟಣದ ಕಾಫಿ! ಹಂದಿಗಿಂತ ಇದೇ ದೊಡ್ಡ ಅಪಾಯ.

ಮಲೆನಾಡ ಅತ್ತಿಗೆ:
ನಿಜ ಹೇಳಬೇಕೆಂದರೆ ನಿಮ್ಮೆಲ್ಲರ ಚಿಂತೆ ನನಗೆ ವಿಚಿತ್ರ ಕಾಣುತ್ತೆ. ಅತ್ತೆ ಏನು ತಿನ್ನುತ್ತಾರೆ, ಮಾವನಿಗೆ ವಾಸನೆ ಹೊಡೆಯುತ್ತಾ ಅಂತ ಅಳಿಯಂದಿರೇ ಕೂತು ತೀರ್ಮಾನ ಮಾಡುತ್ತಿದ್ದೀರಿ. ಫೋನ್ ಮಾಡಿ ಅವರನ್ನೇ ಕೇಳಿ. ಪಕ್ಕದಲ್ಲಿ ಮಾಂಸ ಮಾರುತ್ತಾರೆ, ಈ ಕಡೆ ಎಲೆ ಕಡುಬು ಸಿಗುತ್ತೆ, ಬರುತ್ತೀರಾ ಅಂತ. ನಮ್ಮೂರಿನ ಸಂತೆಯಲ್ಲಿ ಒಣಮೀನು ಮಾರುವವರ ಪಕ್ಕದಲ್ಲೇ ಮಂಡಕ್ಕಿ ಮಾರುತ್ತಾರೆ, ನಾವು ತಿನ್ನದೆ ಬಂದಿದ್ದೇವಾ?

ಶಾಮಣ್ಣ ಬಸವನಗುಡಿ:
ಮಂಡಕ್ಕಿ ಬೇರೆ ಅಮ್ಮಾ. ಪಾತ್ರೆ ಒಂದೇ ಆದರೆ?

ದಾವೋ ಡಾಕ್ಟರ್:
ಬುದ್‌ಬುದ್ ಎಲೆಯೊಳಗೇ ಬೆಂದು ಬರುತ್ತೆ ಸಾರ್, ಎಲೆಯೇ ತಟ್ಟೆ. ಮಡಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ಕಪ್ಪು ಬೇಡವಾದರೆ ಮನೆಯಿಂದ ಲೋಟ ತನ್ನಿ. ಅವರು ನಗುತ್ತಾರೆ, ಆದರೆ ಹುಯ್ಯುತ್ತಾರೆ.

ಬೇಕರಿ ಬೈರಪ್ಪ:
ತಡವಾಗಿ ಬಂದೆ. ಬೇಕರಿ ಮಾಲಿನ ಬಗ್ಗೆ ಯಾರೂ ಎಚ್ಚರಿಸಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೋಪಿಯಾ ಅಂತ ಪದರು ಪದರಾದ ಬಿಸ್ಕತ್ತಿನಂಥದ್ದು ಇದೆ, ಒಳಗೆ ಹೆಸರುಬೇಳೆ ಹೂರಣ. ಹೂರಣ ಸಸ್ಯಾಹಾರಿ, ಮೇಲಿನ ಪದರಕ್ಕೆ ಹಂದಿ ಕೊಬ್ಬು ಹಾಕುವ ಪದ್ಧತಿ ಇದೆ. ಮಾಂಸ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಸುಳ್ಳೂ ಅಲ್ಲ. ಬ್ರೆಡ್ಡು, ಬನ್ನಿಗೂ ಕೇಳಿಯೇ ತಗೊಳ್ಳಿ. ದುಮಗೇಟೆಯ ಸಿಲ್ವಾನಾಸ್ ಅನ್ನುವ ಬಿಸ್ಕತ್ತು ತುಂಬಾ ಹೆಸರುವಾಸಿ, ಗೇರುಬೀಜ ಹಾಕಿದ್ದು, ಆದರೆ ಅದರ ಜೀವವೇ ಮೊಟ್ಟೆಯ ಬಿಳಿ. ಬಿಬಿಂಗ್ಕಾ ಅನ್ನುವ ಅಕ್ಕಿ ಕೇಕಿನಲ್ಲೂ ಮೊಟ್ಟೆ ಇರುತ್ತೆ. ಚಂಪೊರಾದೋ ಚಾಕೊಲೇಟ್ ಗಂಜಿ, ಅದು ತಿನ್ನಬಹುದು, ಆದರೆ ಪಕ್ಕದಲ್ಲಿ ಒಣಮೀನು ಇಟ್ಟು ಕೊಡುತ್ತಾರೆ.

ಮೈಸೂರು ಮೇಷ್ಟ್ರು:
ಚಾಕೊಲೇಟ್ ಗಂಜಿಗೆ ಒಣಮೀನಾ?!

ಕುಡ್ಲದ ಪೊಣ್ಣು:
ಸಿಹಿಗೆ ಉಪ್ಪು. ಚಿತ್ರಾನ್ನದ ಜೊತೆ ಕೇಸರಿಬಾತ್ ತಿನ್ನುವವರು ಮಾತಾಡಬೇಡಿ.

ಬೇಕರಿ ಬೈರಪ್ಪ:
ಇನ್ನೊಂದು ಮರೆತೆ. ಬೆಳಿಗ್ಗೆ "ತಹೋ..." ಅಂತ ಕೂಗುತ್ತಾ ಭುಜದ ಮೇಲೆ ಅಡ್ಡೆ ಹೊತ್ತು, ಎರಡೂ ಬದಿ ಪಾತ್ರೆ ತೂಗಿಸಿಕೊಂಡು ಬರುವವರು ಇರುತ್ತಾರೆ. ಒಂದರಲ್ಲಿ ಬೆಣ್ಣೆಯಂಥ ಸೋಯಾ ಗಿಣ್ಣು, ಇನ್ನೊಂದರಲ್ಲಿ ಬೆಲ್ಲದ ಪಾಕ, ಸಾಬಕ್ಕಿ. ಪೂರ್ತಿ ಸಸ್ಯಾಹಾರ. ಹಲ್ಲಿಲ್ಲದವರೂ ತಿನ್ನಬಹುದು.

ಸೆಬು ಸೀನ:
ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ತಡವಾಯಿತು.

ಅತ್ತಿಗೆ ಹೇಳಿದ ಹಾಗೆ ಫೋನ್ ಮಾಡಿ ಕೇಳಿದೆ. ಮಾವ "ನೋಡೋಣ" ಅಂದರು. ಅಂದರೆ ಬೇಡ ಅಂತ. ಅತ್ತೆ "ಸಿರಿಧಾನ್ಯದ್ದಾ? ಹೋಗುವ" ಅಂದರು. ಹೆಂಡತಿ ಒಂದು ಚೀಲ ಅವಲಕ್ಕಿ ಕಟ್ಟಿದಳು, ಬೇಕಾಗಬಹುದು ಅಂತ.

ಲಾಂಚಿನಲ್ಲಿ ಮಾವ ಖುಷಿಯಾಗಿದ್ದರು. ಸಿಗಂದೂರಿಗೆ ಸೇತುವೆ ಬಂದ ಮೇಲೆ ಲಾಂಚು ಹತ್ತಿಲ್ಲ ಅಂತ ದಾರಿಯುದ್ದಕ್ಕೂ ಅದೇ ಕಥೆ. ಮರುದಿನ ಬೆಳಗಿನ ಜಾವ ಮಾರ್ಕೆಟ್‌ಗೆ ಹೊರಟೆವು. ಮೀನಿನ ಸಾಲು ತಪ್ಪಿಸಲು ನಾನು ಹಿಂದಿನ ರಾತ್ರಿಯೇ ದಾರಿ ನೋಡಿಟ್ಟುಕೊಂಡಿದ್ದೆ, ಆದರೂ ಎಲ್ಲೋ ತಪ್ಪಿ ನೇರ ಅದರ ಮಧ್ಯಕ್ಕೇ ಹೋದೆವು. ಅತ್ತೆ ಸೆರಗು ಮೂಗಿಗೆ ಹಿಡಿದು ಸರಸರ ನಡೆದುಬಿಟ್ಟರು. ಮಾವ ನಿಂತುಕೊಂಡು ದೊಡ್ಡ ಮೀನು ಒಂದರ ತೂಕ ಕೇಳಿದರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಬೆಂಚಿನ ಮೇಲೆ ಜಾಗ ಇರಲಿಲ್ಲ. ಇಬ್ಬರು ಹುಡುಗಿಯರು ಎದ್ದು ಅತ್ತೆಯನ್ನು ಕೂರಿಸಿದರು. ಅತ್ತೆ ಎಲೆ ಬಿಡಿಸಿ, ಮೊದಲು ಎಲೆಯನ್ನೇ ಮೂಸಿ ನೋಡಿದರು. ಆಮೇಲೆ ಒಂದು ಚೂರು. "ಇದಕ್ಕೆ ಏಲಕ್ಕಿ ಬೇಕಿತ್ತು" ಅಂದರು. ಹಾಗೆ ಅನ್ನುತ್ತಲೇ ನಾಲ್ಕು ತಿಂದರು. ಸಿಕ್ವಾಟೆ ಮಾತ್ರ ಹಿಡಿಸಲಿಲ್ಲ, ಕಷಾಯ ಅಂದರು. ಪುತೋ ಮಾಯಾದಲ್ಲಿ ಶುಂಠಿ ಇದ್ದದ್ದು ನಾಲಿಗೆಯಲ್ಲೇ ಕಂಡುಹಿಡಿದರು. ಮಾವ ಪೊಟ್ಟಣದ ಕಾಫಿ ಎರಡು ಗುಟುಕು ಕುಡಿದು, ಮುಖ ಹಿಂಡಿ, ಆಮೇಲೆ ಮೂರು ಕಪ್ಪು ಸಿಕ್ವಾಟೆ ಕುಡಿದರು.

ಅತ್ತೆಗೆ ಇಂಗ್ಲಿಷ್ ಬರಲ್ಲ, ಮನಂಗ್‌ಗೆ ಕನ್ನಡ ಬರಲ್ಲ. ಎರಡು ಬುದ್‌ಬುದ್ ಜೋಡಿಸಿ ಕಟ್ಟುವ ಗಂಟು ಹೇಗೆ ಅಂತ ಅತ್ತೆ ಕೈಯಲ್ಲೇ ಕೇಳಿದರು. ಅವಳು ಬಿಚ್ಚಿ ತೋರಿಸಿದಳು. ಅತ್ತೆ ಕಟ್ಟಿದ್ದು ಸಡಿಲ ಆಯಿತು, ಮತ್ತೆ ಕಟ್ಟಿಸಿದಳು. ಹಿಂದೆ ಐದಾರು ಜನ ಗಿರಾಕಿಗಳು ಕಾಯುತ್ತಾ ನಿಂತಿದ್ದರು, ಒಬ್ಬರೂ ಗೊಣಗಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ನನ್ನನ್ನು ಎಬ್ಬಿಸಿದ್ದು ಮಾವ.

ಶಾಮಣ್ಣ ಬಸವನಗುಡಿ:
ಅವಲಕ್ಕಿ ಏನಾಯಿತು?

ಸೆಬು ಸೀನ:
ಮನಂಗ್‌ಗೆ ಕೊಟ್ಟೆವು. ಅವರಲ್ಲೂ ಪಿನಿಪಿಗ್ ಅಂತ ಅಂಟಕ್ಕಿಯ ಅವಲಕ್ಕಿ ಇದೆಯಂತೆ. ನಮ್ಮದು ಅಂಟುವುದಿಲ್ಲ ಅಂತ ನಕ್ಕಳು.

ಸಿರಿಧಾನ್ಯ ಸಿದ್ದಣ್ಣ:
ಆ ಗಂಟಿನ ಫೋಟೋ ಇದ್ದರೆ ಹಾಕಿ. ನನ್ನದು ಹಬೆಯಲ್ಲಿ ಬಿಚ್ಚಿಕೊಳ್ಳುತ್ತೆ.

ಮೈಸೂರು ಮೇಷ್ಟ್ರು:
ಅವಲಕ್ಕಿಯೂ ಇದೆ ಅಂದಿರಾ? ಹೊಸ ಎಳೆ ತೆರೆಯುತ್ತಿದ್ದೇನೆ.